ಬೆಳಕಿನ ಖಡ್ಗ ಕೊಳ್ಳುವ ಮುನ್ನ: ದೀಪ ಹಿಡಿಯಲ್ಲಿದೆಯೋ, ಅಲಗಿನಲ್ಲಿದೆಯೋ?

ಗುಂಡಿ ಒತ್ತಿದರೆ ಸಾಕು, ಹಿಡಿಯ ಬಾಯಿಂದ ನೀಲಿ ಬೆಳಕು ಸರ್ರನೆ ಮೇಲೇರುತ್ತದೆ. ಒಳಗಿನ ಸ್ಪೀಕರಿನ ಗುಂಯ್ ಎನ್ನುವ ನಡುಕ ಅಂಗೈಗೆ ತಾಗುತ್ತದೆ. ಕೈ ಬೀಸಿದರೆ ಸದ್ದೂ ಏರಿಳಿಯುತ್ತದೆ. ಏನಕ್ಕಾದರೂ ತಾಗಿಸಿದರೆ ಫಟ್ಟೆಂದು ಬಿಳಿ ಮಿಂಚು. ಸ್ಟಾರ್ ವಾರ್ಸ್ ಸಿನಿಮಾಗಳ ಬೆಳಕಿನ ಖಡ್ಗದ ಪ್ರತಿಕೃತಿ ಇದು. ಅವನ್ನು ನೋಡಿ ಬೆಳೆದವರಿಗೆ ಇದರ ಖುಷಿಯನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಾಲಕ್ಕೆ ಇಂಥದ್ದರಲ್ಲಿ ಗಟ್ಟಿಮುಟ್ಟಾದದ್ದು ಬೇಕೆಂದರೆ ಲೇತ್ ಕೆಲಸ, ಬೆಸುಗೆ ಕೆಲಸ ಬಲ್ಲವರೇ ಮಾಡಿಕೊಳ್ಳಬೇಕಿತ್ತು. ಈಗ ಆನ್‌ಲೈನಿನಲ್ಲಿ ಹುಡುಕಿದರೆ ನೂರಾರು ಮಾದರಿಗಳು ಸಿಗುತ್ತವೆ.

ಗೊಂದಲ ಶುರುವಾಗುವುದೂ ಅಲ್ಲೇ. ನೋಡಲು ಒಂದೇ ತರ ಇರುವ ಎರಡು ಖಡ್ಗಗಳಲ್ಲಿ ಒಂದರ ಬೆಲೆ ಇನ್ನೊಂದಕ್ಕಿಂತ ಹೆಚ್ಚೂಕಡಿಮೆ ಎರಡು ಪಟ್ಟು ಇರುತ್ತದೆ. ಕೆಳಗೆ ಬೇಸ್‌ಲಿಟ್, ಆರ್‌ಜಿಬಿ, ಪಿಕ್ಸೆಲ್, ಸ್ಮೂತ್ ಸ್ವಿಂಗ್ ಎಂದು ತಲೆಬುಡ ತಿಳಿಯದ ಪದಗಳ ಸಾಲು. ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದೇ: ಇಷ್ಟೊಂದು ವ್ಯತ್ಯಾಸ ಯಾಕೆ? ದೀಪ ಹಿಡಿಯೊಳಗಿದೆಯೋ ಅಲಗಿನೊಳಗಿದೆಯೋ ಎಂಬುದೇ ಉತ್ತರ. ಬೆಲೆ, ಬಾಳಿಕೆ, ತೂಕ, ಬಳಕೆ ಎಲ್ಲವೂ ಅದರ ಹಿಂದೆಯೇ ಬರುತ್ತವೆ.

## ಸಿನಿಮಾದಲ್ಲಿ ಹಿಡಿ ನಿಜ, ಅಲಗು ಚಿತ್ರ

1977ರ ಮೊದಲ ಚಿತ್ರಕ್ಕೆ ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಸ್ಚಿಯನ್ ಅವರಿಗೆ ಖಡ್ಗದ ಹಿಡಿ ಸಿಕ್ಕಿದ್ದು ಲಂಡನ್ನಿನ ಒಂದು ಕ್ಯಾಮೆರಾ ಅಂಗಡಿಯಲ್ಲಿ. ಹಳೆಯ ಪತ್ರಿಕಾ ಕ್ಯಾಮೆರಾಗಳ ಪಕ್ಕಕ್ಕೆ ಸಿಕ್ಕಿಸುತ್ತಿದ್ದ ಗ್ರಾಫ್ಲೆಕ್ಸ್ ಫ್ಲಾಶ್‌ನ ಹಿಡಿ ಅದು, ಒಳಗೆ ಸೆಲ್ ಹಾಕುವ ಲೋಹದ ಕೊಳವೆ. ಅದರ ಬುಡದ ಸುತ್ತ ಕಪ್ಪು ಪಟ್ಟಿಗಳನ್ನು ಅಂಟಿಸಿದರು. ಕ್ಯಾಲ್ಕುಲೇಟರಿನ ಅಂಕಿಗಳ ಮೇಲಿರುವ ಗುಳ್ಳೆಗುಳ್ಳೆಯ ಪಟ್ಟಿಯೊಂದನ್ನು ನಡುವೆ ಕೂರಿಸಿದರು. ಚಿತ್ರದ ನಾಯಕ ಲ್ಯೂಕ್‌ನ ಖಡ್ಗ ಸಿದ್ಧವಾಯಿತು. ಓಬಿ-ವಾನ್ ಪಾತ್ರದ ಹಿಡಿಯಲ್ಲಿ ಜೆಟ್ ಎಂಜಿನ್ನಿನ ಒಂದು ತುಂಡು, ಹಳೆಯ ರೈಫಲ್ ಗ್ರೆನೇಡಿನ ಭಾಗ, ನಲ್ಲಿಯ ತಿರುಪು ಎಲ್ಲವೂ ಇವೆ. ಅವು ನಂಬಲು ಸುಲಭವಾದದ್ದು ಅದಕ್ಕೇ. ನಿಜವಾದ ಯಂತ್ರಗಳ ನಿಜವಾದ ಬಿಡಿಭಾಗಗಳು ಅವು.

ಅಲಗು ಮಾತ್ರ ಕೈಯಲ್ಲಿ ಹಿಡಿಯುವಂಥದ್ದಾಗಿರಲಿಲ್ಲ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಹೊಳಪಿನ ಹಾಳೆ ಸುತ್ತಿದ ಕೋಲನ್ನು ನಟರು ಬೀಸಿದರು. ರಸ್ತೆಬದಿಯ ಫಲಕಗಳು ರಾತ್ರಿ ಹೊಳೆಯುವುದೂ ಇಂಥ ಹಾಳೆಯಿಂದಲೇ. ಅದರ ಮೇಲೆ ಫಿಲ್ಮಿನ ಒಂದೊಂದೇ ಚೌಕಟ್ಟಿನಲ್ಲಿ ಬೆಳಕನ್ನು ಬರೆದು ಸೇರಿಸಿದರು. ಚಿತ್ರೀಕರಣದ ಹೊತ್ತಿಗೇ ಹೊಳೆಯುವ ಎಲ್‌ಇಡಿ ಅಲಗುಗಳು 2015ರ ಚಿತ್ರದಲ್ಲಿ ಬಂದವು. ನಟರ ಮುಖದ ಮೇಲೆ ಅಲಗಿನ ಬೆಳಕು ನಿಜವಾಗಿ ಬಿದ್ದದ್ದು ಹಾಗೆ.

ಮನೆಗೆ ತರುವ ಪ್ರತಿಕೃತಿಗೂ ಇದೇ ಪಾಡು. ಹಿಡಿ ಮಾಡುವುದು ಸುಲಭ, ಅದು ಲೋಹದ ಕೊಳವೆಯಷ್ಟೆ. ಅಲಗೇ ಕಷ್ಟದ ಭಾಗ. ಬೆಳಕು ತಾನಾಗಿ ಒಂದು ಮೀಟರ್ ಹೋಗಿ ಗಾಳಿಯಲ್ಲಿ ನಿಲ್ಲುವುದಿಲ್ಲ, ಎರಡು ಕಿರಣಗಳು ಡಿಕ್ಕಿ ಹೊಡೆದು ತಡೆಯುವುದೂ ಇಲ್ಲ. ಹಾಗಾಗಿ ಬೆಳಕನ್ನು ಒಂದು ಗಟ್ಟಿ ಕೊಳವೆಯಲ್ಲಿ ತುಂಬಿಡಲೇಬೇಕು. ತುಂಬುವ ದಾರಿಗಳು ಎರಡು.

ಹೆಸರಿನ ಬಗ್ಗೆ ಒಂದು ಮಾತು. ಸಿನಿಮಾದಲ್ಲಿ ಈ ಖಡ್ಗಕ್ಕಿರುವ ಲೈಟ್‌ಸೇಬರ್ ಎಂಬ ಹೆಸರು ಸ್ಟಾರ್ ವಾರ್ಸ್ ತಯಾರಿಸಿದ ಲೂಕಾಸ್‌ಫಿಲ್ಮ್ ಸಂಸ್ಥೆಯ ಟ್ರೇಡ್‌ಮಾರ್ಕ್. ಪರವಾನಗಿ ಇಲ್ಲದ ತಯಾರಕರು ಬರೀ ಸೇಬರ್ ಎನ್ನುತ್ತಾರೆ, ಪಾತ್ರಗಳ ಹೆಸರಿನ ಬದಲು ಬೇರೇನೋ ಹೆಸರಿಟ್ಟಿರುತ್ತಾರೆ. ಹುಡುಕುವಾಗ ಸಿನಿಮಾದ ಹೆಸರು ಹಾಕಿ ಏನೂ ಸಿಗದಿದ್ದರೆ ಗಾಬರಿಯಾಗಬೇಡಿ.

## ಟಾರ್ಚಿನ ದಾರಿ, ದೀಪಸರದ ದಾರಿ

ಟಾರ್ಚಿನ ಬಾಯಿಗೆ ಬಿಳಿ ಕಾಗದ ಸುತ್ತಿ ಉದ್ದನೆಯ ಕೊಳವೆ ಕೂರಿಸಿದರೆ ಇಡೀ ಕೊಳವೆ ಬೆಳಗುತ್ತದಲ್ಲ, ಬೇಸ್‌ಲಿಟ್ ಅಂದರೆ ಅದೇ. ಹಿಡಿಯ ಬಾಯಲ್ಲಿ ಒಂದು ಶಕ್ತಿಶಾಲಿ ಎಲ್‌ಇಡಿ ಇರುತ್ತದೆ, ಮುಂದೆ ಮಸೂರ. ಅಲಗು ಬರೀ ಟೊಳ್ಳು ಕೊಳವೆ. ಒಳಗೆ ಬೆಳಕನ್ನು ಹರಡುವ ತೆಳು ಹಾಳೆ ಸುತ್ತಿರುತ್ತಾರೆ, ತುದಿಯಲ್ಲಿ ಬೆಳಕನ್ನು ವಾಪಸು ಕಳಿಸುವ ಕನ್ನಡಿಯಂಥ ಬಿಲ್ಲೆ ಇಟ್ಟಿರುತ್ತಾರೆ. ಆರ್‌ಜಿಬಿ ಎಂದು ಬರೆದಿದ್ದರೆ ಎಲ್‌ಇಡಿಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಇವೆ ಎಂದರ್ಥ. ಮೂರನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ ಬೇಕಾದ ಬಣ್ಣ. ಅಂಗಡಿಯವರು ಆರ್‌ಜಿಬಿ ಎಂದಷ್ಟೇ ಬರೆದರೆ ಸಾಮಾನ್ಯವಾಗಿ ಈ ಬೇಸ್‌ಲಿಟ್ ಬಗೆಯನ್ನೇ ಹೇಳುತ್ತಿರುತ್ತಾರೆ.

ಇದರ ಕೊರತೆ ಕಣ್ಣಿಗೇ ಕಾಣುತ್ತದೆ. ಬುಡದಲ್ಲಿ ಬೆಳಕು ಹೆಚ್ಚು, ತುದಿಗೆ ಹೋದಂತೆ ಮಂಕು. ಗುಂಡಿ ಒತ್ತಿದರೆ ಇಡೀ ಅಲಗು ಒಮ್ಮೆಲೇ ಹೊತ್ತಿಕೊಳ್ಳುತ್ತದೆ, ಬುಡದಿಂದ ತುದಿಗೆ ಬೆಳೆಯುವುದಿಲ್ಲ.

ಎರಡನೆಯದು ಪಿಕ್ಸೆಲ್. ಸೀರಿಯಲ್ ಲೈಟಿನ ಸರವನ್ನು ಕೊಳವೆಯೊಳಗೆ ಇಳಿಬಿಟ್ಟಂತೆ. ಕೊಳವೆಯ ಉದ್ದಕ್ಕೂ ಪುಟ್ಟ ಎಲ್‌ಇಡಿಗಳ ಎರಡು ಪಟ್ಟಿಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ. ಸಾಮಾನ್ಯವಾಗಿ ಒಂದು ಮೀಟರಿಗೆ 144 ದೀಪ. ಪ್ರತಿ ದೀಪದೊಳಗೂ ಒಂದು ಚಿಪ್ ಇದ್ದು, ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಹೇಳಬಹುದು. ಅದರಿಂದಲೇ ಬೆಳಕು ಬುಡದಿಂದ ತುದಿಗೆ ಸರಿಯುತ್ತಾ ಬೆಳೆಯುವುದು, ಬೆಂಕಿಯಂತೆ ತೊನೆಯುವುದು, ಪೆಟ್ಟು ಬಿದ್ದಂತೆ ಒಂದೇ ಜಾಗದಲ್ಲಿ ಮಿಂಚುವುದು ಎಲ್ಲ ಸಾಧ್ಯ. ನಿಯೋಪಿಕ್ಸೆಲ್ ಎಂಬ ಪದವನ್ನೂ ನೋಡಿರುತ್ತೀರಿ. ಇಂಥ ದೀಪಗಳಿಗೆ ಅಡಾಫ್ರೂಟ್ ಎಂಬ ಕಂಪನಿ ಇಟ್ಟ ಮಾರಾಟದ ಹೆಸರು ಅದು, ಬಳಕೆಯಲ್ಲಿ ಎಲ್ಲದಕ್ಕೂ ಅಂಟಿಕೊಂಡಿತು.

ಇಷ್ಟೊಂದು ದೀಪಗಳಿಗೆ ಒಂದೇ ತಂತಿಯಲ್ಲಿ ಅಪ್ಪಣೆ ಹೋಗುವ ಬಗೆ ಸೊಗಸಾಗಿದೆ. ಸಾಲಾಗಿ ಕೂತವರ ಕೈಗೆ ಚೀಟಿಗಳ ಕಟ್ಟು ಬಂದಿದೆ ಅಂದುಕೊಳ್ಳಿ. ಮೊದಲನೆಯವರು ಮೇಲಿನ ಚೀಟಿ ತೆಗೆದುಕೊಂಡು ಉಳಿದ ಕಟ್ಟನ್ನು ಪಕ್ಕದವರಿಗೆ ದಾಟಿಸುತ್ತಾರೆ. ಅವರೂ ತಮ್ಮದೊಂದು ಇಟ್ಟುಕೊಂಡು ಮುಂದಕ್ಕೆ ಕಳಿಸುತ್ತಾರೆ. ಎಲ್‌ಇಡಿಗಳೂ ಹಾಗೆಯೇ ಮಾಡುತ್ತವೆ. ಕೆಂಪು, ಹಸಿರು, ನೀಲಿ ತಲಾ ಎಷ್ಟು ಎಂಬ ಮೂರು ಸಂಖ್ಯೆಗಳೇ ಒಂದು ಚೀಟಿ, ಪ್ರತಿಯೊಂದೂ 0ಯಿಂದ 255ರೊಳಗೆ.

ಸಾಲಿನ ನಡುವಿನ ಒಬ್ಬರು ಎದ್ದುಹೋದರೆ? ಕಟ್ಟು ಅಲ್ಲೇ ನಿಲ್ಲುತ್ತದೆ. ನನ್ನ ಗೆಳೆಯನ ಪಿಕ್ಸೆಲ್ ಅಲಗಿಗೆ ಒಂದು ಸಂಜೆ ಜೋರಾದ ಪೆಟ್ಟು ಬಿತ್ತು. ಹೊರಗಿನ ಕೊಳವೆಗೆ ಗೀರೂ ಆಗಿರಲಿಲ್ಲ. ಆದರೆ ಬುಡದಿಂದ ಎರಡು ಗೇಣಿನವರೆಗೆ ಬೆಳಕು ಸರಿಯಾಗಿತ್ತು, ಅಲ್ಲಿಂದಾಚೆ ಒಂದು ಬದಿ ಪೂರ್ತಿ ಕತ್ತಲೆ. ಅಲಗನ್ನು ಮೆಲ್ಲಗೆ ತಿರುಗಿಸಿದರೆ ಬೆಳಗುವ ಮಗ್ಗುಲು, ಸತ್ತ ಮಗ್ಗುಲು, ಮತ್ತೆ ಬೆಳಗುವ ಮಗ್ಗುಲು. ಕೆಟ್ಟದ್ದು ಒಂದೇ ಒಂದು ದೀಪದ ಬೆಸುಗೆ. ಅದರ ಮುಂದಿನವಕ್ಕೆ ಚೀಟಿ ತಲುಪಲಿಲ್ಲ ಅಷ್ಟೆ. ಹೊಸ ಅಲಗನ್ನೇ ಕೊಳ್ಳಬೇಕಾಯಿತು.

ಬೇಸ್‌ಲಿಟ್‌ನಲ್ಲಿ ಇಂಥದ್ದು ಆಗಲು ಬರುವುದಿಲ್ಲ. ಅಲಗಿನೊಳಗೆ ಕೆಡಲು ಏನೂ ಇಲ್ಲ. ಬಿರುಕು ಬಿಟ್ಟರೆ ಬರೀ ಕೊಳವೆ ಬದಲಿಸಿದರಾಯಿತು, ಅದು ಖಡ್ಗದಲ್ಲೇ ಅತಿ ಅಗ್ಗದ ಭಾಗ.

## ಕೊಳವೆಯ ಲೆಕ್ಕ

ಎಲ್ಲರೂ ಬಣ್ಣ ಎಷ್ಟು, ಸದ್ದು ಎಷ್ಟು ಎಂದು ಎಣಿಸುತ್ತಾರೆ. ನಾನಂತೂ ಮೊದಲು ನೋಡುವುದು ಕೊಳವೆಯನ್ನು.

ಅದು ಪಾಲಿಕಾರ್ಬೊನೇಟ್ ಆಗಿರಬೇಕು. ನೋಡಲು ಹಾಗೆಯೇ ಇರುವ ಇನ್ನೊಂದು ಪ್ಲಾಸ್ಟಿಕ್ ಅಕ್ರಿಲಿಕ್. ಎರಡೂ ಪಾರದರ್ಶಕ, ಎರಡೂ ನುಣುಪು. ಪೆಟ್ಟು ಬಿದ್ದಾಗ ಮಾತ್ರ ಗುಣ ಗೊತ್ತಾಗುವುದು. ಪಾಲಿಕಾರ್ಬೊನೇಟ್ ಬಾಗಿ ಪೆಟ್ಟನ್ನು ನುಂಗುತ್ತದೆ, ಅಕ್ರಿಲಿಕ್ ಗಾಜಿನಂತೆ ಚೂಪು ಚೂರುಗಳಾಗಿ ಒಡೆಯುತ್ತದೆ. ಬೀಸುವ ಉದ್ದೇಶವಿದ್ದರೆ ಅಕ್ರಿಲಿಕ್ ಅಲಗು ಬೇಡವೇ ಬೇಡ. ಯಾವುದರಿಂದ ಮಾಡಿದ್ದೆಂದು ವಿವರದಲ್ಲಿ ಬರೆದಿಲ್ಲದಿದ್ದರೆ ಮಾರುವವರನ್ನು ಕೇಳಿ, ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಆಮೇಲೆ ದಪ್ಪ. ಹೆಚ್ಚಿನ ಅಲಗುಗಳ ಹೊರ ಅಳತೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಗೋಡೆ 2 ಮಿಲಿಮೀಟರ್ ಇದ್ದರೆ ತೆಳು, 3 ದಾಟಿದರೆ ದಪ್ಪ. ಪಾಲಿಕಾರ್ಬೊನೇಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.2 ಗ್ರಾಂ. ಆ ಲೆಕ್ಕದಲ್ಲಿ 90 ಸೆಂಟಿಮೀಟರ್ ಉದ್ದದ 2 ಮಿಲಿಮೀಟರ್ ಕೊಳವೆ ಸುಮಾರು 160 ಗ್ರಾಂ ತೂಗುತ್ತದೆ, 3.2 ಮಿಲಿಮೀಟರಿನದು ಸುಮಾರು 240 ಗ್ರಾಂ. ಎಂಬತ್ತು ಗ್ರಾಂ ವ್ಯತ್ಯಾಸ ತಕ್ಕಡಿಯಲ್ಲಿ ಏನೂ ಅಲ್ಲ. ಆದರೆ ಈ ತೂಕ ಕೈಯಿಂದ ದೂರದಲ್ಲಿ ಹರಡಿಕೊಂಡಿದೆ. ನೀರು ತುಂಬಿದ ತಂಬಿಗೆಯನ್ನು ಎದೆಗೊತ್ತಿ ಹಿಡಿಯುವುದಕ್ಕೂ ಕೈ ನೀಡಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ. ದಪ್ಪ ಕೊಳವೆಯಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡಿದರೆ ಮಣಿಕಟ್ಟೇ ಹೇಳುತ್ತದೆ. ಎದುರಾಳಿಯ ಬೆರಳಿಗೆ ಬೀಳುವ ಪೆಟ್ಟೂ ಅಷ್ಟೇ ಭಾರ. ಪಿಕ್ಸೆಲ್ ಅಲಗಿನಲ್ಲಿ ಪಟ್ಟಿಗಳು ಮತ್ತು ಅವುಗಳ ಸುತ್ತಲಿನ ಹೊದಿಕೆಯ ತೂಕವೂ ಮೇಲೆ ಸೇರುತ್ತದೆ.

ಉದ್ದದಲ್ಲಿ ಸುಮಾರು 92 ಸೆಂಟಿಮೀಟರ್ ಮತ್ತು ಸುಮಾರು 82 ಸೆಂಟಿಮೀಟರ್ ಎಂಬ ಎರಡು ಅಳತೆ ಸಾಮಾನ್ಯ. ಉದ್ದವಾದದ್ದೇ ಚೆಂದ ಎಂದು ಹೊಸಬರಿಗೆ ಅನಿಸುತ್ತದೆ. ಕುಳ್ಳಗಿನವರಿಗೆ, ಕೈಯಲ್ಲಿ ಗಿರಗಿರನೆ ತಿರುಗಿಸುವ ಆಸೆ ಇರುವವರಿಗೆ, ಮನೆಯೊಳಗೇ ಅಭ್ಯಾಸ ಮಾಡುವವರಿಗೆ ಚಿಕ್ಕದೇ ಹಿತ.

ಬೆಲೆ ಹೋಲಿಸುವ ಮೊದಲು ಇನ್ನೊಂದನ್ನು ನೋಡಿ. ಒಂದು ಇಂಚಿನ ಅಳತೆ ರೂಢಿಯಾಗಿರುವುದರಿಂದ ಬೇಸ್‌ಲಿಟ್ ಕೊಳವೆಯನ್ನು ಯಾರಿಂದಲಾದರೂ ಕೊಳ್ಳಬಹುದು. ಪಿಕ್ಸೆಲ್ ಅಲಗು ಹಾಗಲ್ಲ. ಅದರ ಬುಡದ ಬಿಲ್ಲೆಗೂ ಅದಕ್ಕೆ ವಿದ್ಯುತ್ತು ಮುಟ್ಟಿಸುವ ಹಿಡಿಯೊಳಗಿನ ಸ್ಪ್ರಿಂಗ್ ಸೂಜಿಗಳಿಗೂ ಹೊಂದಿಕೆಯಾಗಲೇಬೇಕು. ಕೆಲವು ಮಾದರಿಗಳಲ್ಲಿ ಅವರದ್ದೇ ಬೇರೆ ಜೋಡಣೆ ಇರುತ್ತದೆ, ಹೊರಗಿನ ಅಲಗು ಕೂರುವುದಿಲ್ಲ. ಬಿಡಿ ಅಲಗು ಬೇರೆಯಾಗಿ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ಖಡ್ಗ ಕೊಳ್ಳುವ ಮೊದಲೇ ನೋಡಿಕೊಳ್ಳಿ.

## ಬ್ಯಾಟರಿ: ತೊಟ್ಟಿಯಷ್ಟೇ ಅಲ್ಲ, ನಲ್ಲಿಯೂ ಮುಖ್ಯ

ಹೆಚ್ಚಿನ ಹಿಡಿಗಳಲ್ಲಿ 18650 ಎಂಬ ಲಿಥಿಯಂ ಸೆಲ್ ಇರುತ್ತದೆ. ಆ ಸಂಖ್ಯೆ ಅದರ ಅಳತೆಯೇ. 18 ಮಿಲಿಮೀಟರ್ ಅಡ್ಡಗಲ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಉರುಳೆ ಆಕಾರದ ಗುರುತು. ಸಾಮಾನ್ಯ ವೋಲ್ಟೇಜ್ 3.7, ಪೂರ್ತಿ ಚಾರ್ಜ್ ಆದಾಗ 4.2.

ಸೆಲ್ಲಿನ ಮೇಲೆ ಬರೆದ ಮಿಲಿಆಂಪ್-ಅವರ್ ಅಂದರೆ ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕ. ಒಮ್ಮೆಗೆ ಎಷ್ಟು ಆಂಪ್ ಕೊಡಬಲ್ಲದು ಎಂಬುದು ನಲ್ಲಿಯ ಬಾಯಗಲ. ಬೇಸ್‌ಲಿಟ್‌ಗೆ ಸಣ್ಣ ನಲ್ಲಿ ಸಾಕು. ಪಿಕ್ಸೆಲ್‌ಗೆ ಸಾಲದು. ಲೆಕ್ಕ ಹಾಕಿ: 90 ಸೆಂಟಿಮೀಟರಿನ ಅಲಗಿನಲ್ಲಿ ಎರಡು ಪಟ್ಟಿ ಸೇರಿ ಸುಮಾರು 260 ದೀಪ. ಬಿಳಿ ಬಣ್ಣದಲ್ಲಿ ಮೂರೂ ಎಲ್‌ಇಡಿ ಪೂರ್ತಿ ಉರಿದರೆ ಒಂದು ದೀಪಕ್ಕೆ ಗರಿಷ್ಠ 60 ಮಿಲಿಆಂಪ್. ಒಟ್ಟು 15 ಆಂಪ್ ದಾಟುತ್ತದೆ. ನಿಜ ಬಳಕೆಯಲ್ಲಿ ಇಷ್ಟಾಗುವುದು ಅಪರೂಪ, ಬರೀ ಕೆಂಪಿಗಾದರೆ ಇದರ ಮೂರನೇ ಒಂದು ಪಾಲು. ಆದರೂ ಬಡಕಲು ಸೆಲ್ ಹಾಕಿದರೆ ಪೆಟ್ಟು ಬಿದ್ದು ಬಿಳಿ ಮಿಂಚು ಬರುವ ಕ್ಷಣಕ್ಕೇ ಇಡೀ ಖಡ್ಗ ಆರಿಹೋಗುತ್ತದೆ. ಹೆಚ್ಚು ಆಂಪ್ ಕೊಡಬಲ್ಲ ಸೆಲ್ ಇದೆಯೇ ಎಂದು ಪಿಕ್ಸೆಲ್ ಕೊಳ್ಳುವವರು ಕೇಳಲೇಬೇಕು.

18650 ಅಳತೆಯ ಒಳ್ಳೆಯ ಸೆಲ್‌ಗಳ ಸಾಮರ್ಥ್ಯ 2,500ರಿಂದ 3,500 ಮಿಲಿಆಂಪ್-ಅವರ್ ಆಸುಪಾಸು. ಮೇಲೆ 9,900 ಎಂದು ಅಚ್ಚಾಗಿದ್ದರೆ ಅದು ಸುಳ್ಳು, ಅಂಥದ್ದನ್ನು ಮನೆಯೊಳಗೆ ಬಿಟ್ಟುಕೊಳ್ಳದಿರುವುದೇ ಲೇಸು. ಸೆಲ್ಲಿನ ಹೊರಗಿನ ತೆಳು ಪ್ಲಾಸ್ಟಿಕ್ ಸುತ್ತು ಹರಿದಿದ್ದರೂ ಬಳಸಬೇಡಿ. ಸೆಲ್ಲಿನ ಇಡೀ ಲೋಹದ ಮೈ ಋಣ ತುದಿ, ಧನ ತುದಿಯ ಅಂಚಿನವರೆಗೂ ಅದೇ ಬಂದಿರುತ್ತದೆ. ನಡುವೆ ತಡೆಯಾಗಿರುವುದು ಆ ಸುತ್ತು ಮತ್ತು ಒಂದು ಪುಟ್ಟ ಉಂಗುರ ಮಾತ್ರ. ಹರಿದ ಜಾಗ ಹಿಡಿಯ ಲೋಹಕ್ಕೆ ತಾಗಿದರೆ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು.

## ಸದ್ದು

ಮೊದಲ ಚಿತ್ರದ ಧ್ವನಿ ವಿನ್ಯಾಸಕ ಬೆನ್ ಬರ್ಟ್ ಅವರಿಗೆ ಈ ಗುಂಯ್ ಸಿಕ್ಕಿದ್ದು ಹಳೆಯ ಸಿನಿಮಾ ಪ್ರೊಜೆಕ್ಟರಿನ ಮೋಟಾರಿನಿಂದ ಮತ್ತು ಟಿವಿ ಹತ್ತಿರ ಹೋದ ಮೈಕ್ ಹಿಡಿದ ಗುಜುಗುಜಿನಿಂದ. ಎರಡನ್ನೂ ಬೆರೆಸಿ ಸ್ಪೀಕರಿನಲ್ಲಿ ಹಾಕಿ, ಅದರ ಮುಂದೆ ಇನ್ನೊಂದು ಮೈಕನ್ನು ಬೀಸಿದರು. ಬೀಸಿದಾಗ ಸದ್ದು ಏರಿ ಇಳಿಯುವುದು ಅಲ್ಲಿಂದ ಬಂತು.

ಪ್ರತಿಕೃತಿಗಳಲ್ಲಿ ಆ ಕೆಲಸ ಮಾಡುವುದು ಹಿಡಿಯೊಳಗಿನ ಪುಟ್ಟ ಸಂವೇದಕ. ಮೊಬೈಲನ್ನು ಅಡ್ಡ ಹಿಡಿದರೆ ಪರದೆ ತಿರುಗುತ್ತದಲ್ಲ, ಅದೇ ಜಾತಿಯ ಚಿಪ್. ಸದ್ದು, ಬೆಳಕನ್ನು ನಡೆಸುವುದು ಹಿಡಿಯೊಳಗಿನ ಸರ್ಕ್ಯೂಟ್ ಬೋರ್ಡು. ಸಾದಾ ಬೋರ್ಡುಗಳು ಕೈ ಬೀಸಿದ್ದನ್ನು ಕಂಡ ಕೂಡಲೇ ಮೊದಲೇ ರೆಕಾರ್ಡ್ ಮಾಡಿದ ಒಂದು ವ್ಹೂಶ್ ಸದ್ದನ್ನು ಒದರುತ್ತವೆ. ನಿಧಾನ ಬೀಸಿದರೂ ಅದೇ, ಜೋರಾಗಿ ಬೀಸಿದರೂ ಅದೇ. ಸ್ಮೂತ್ ಸ್ವಿಂಗ್ ಇರುವ ಬೋರ್ಡು ಎರಡು ಸದ್ದುಗಳನ್ನು ಸದಾ ಓಡಿಸುತ್ತಾ, ಕೈಯ ವೇಗ ನೋಡಿ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುತ್ತದೆ. ಕೈಗೂ ಸದ್ದಿಗೂ ನಂಟು ಬೆಳೆಯುವುದು ಆಗಲೇ. ಹೆಚ್ಚು ಹಣ ಕೊಡಲು ಯೋಗ್ಯವಾದ ಸೌಲಭ್ಯ ಇದು. ಮೂವತ್ತು ನಲವತ್ತು ಬಗೆಯ ಸದ್ದಿನ ಕಟ್ಟುಗಳಿವೆ ಎಂಬ ಜಾಹೀರಾತಿಗೆ ಅಷ್ಟು ಬೆಲೆ ಕೊಡಬೇಡಿ, ಕೊನೆಗೆ ಬಳಸುವುದು ಎರಡೋ ಮೂರೋ.

ಸ್ಟಂಟ್ ಎಂದು ಬರೆದಿದ್ದರೆ ಸದ್ದೇ ಇಲ್ಲ, ಬರೀ ಬೆಳಕು. ಅಗ್ಗ, ಹಗುರ, ಕೆಡುವ ಭಾಗ ಕಡಿಮೆ.

## ಹಿಡಿ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಲೇತಿನಲ್ಲಿ ಕಡೆದ ಅಲ್ಯೂಮಿನಿಯಂ ಬಾಳಿಕೆ ಬರುತ್ತದೆ, ಪ್ಲಾಸ್ಟಿಕ್ಕಿನದು ಮಕ್ಕಳ ಆಟಕ್ಕೆ. ಸಿನಿಮಾದ ಹಿಡಿಯ ಎಲ್ಲ ಉಬ್ಬುತಗ್ಗುಗಳಿರುವ ಮಾದರಿ ಕಪಾಟಿನಲ್ಲಿ ಚೆಂದ, ಕೈಯಲ್ಲಿ ಚುಚ್ಚುತ್ತದೆ. ಬೀಸುವವರಿಗೆ ಸರಳವಾದ, ಚಾಚಿದ ಭಾಗಗಳಿಲ್ಲದ ಹಿಡಿ ಸರಿ. ಒಂದೇ ಕಾರ್ಖಾನೆಯ ಹಿಡಿಯನ್ನು ಹಲವು ಅಂಗಡಿಗಳು ತಂತಮ್ಮ ಹೆಸರಿಟ್ಟು ಬೇರೆ ಬೇರೆ ಬೆಲೆಗೆ ಮಾರುವುದು ಇಲ್ಲಿ ತೀರಾ ಸಾಮಾನ್ಯ. ಚಿತ್ರವನ್ನಿಟ್ಟು ಹುಡುಕಿದರೆ ಅದೇ ಹಿಡಿ ಇನ್ನೆಲ್ಲಿ ಸಿಗುತ್ತದೆಂದು ತಿಳಿಯುತ್ತದೆ. ಆಗ ಹೋಲಿಸಬೇಕಾದ್ದು ಒಳಗಿನ ಬೋರ್ಡು, ಸೆಲ್, ಕೊಳವೆಯ ದಪ್ಪ, ದುರಸ್ತಿಯ ಭರವಸೆ.

## ಯಾರಿಗೆ ಯಾವುದು

ಇನ್ನೊಬ್ಬರ ಅಲಗಿಗೆ ಹೊಡೆದು ಆಡುವವರಿಗೆ ಬೇಸ್‌ಲಿಟ್. ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ. ಬೆಳಕಿನ ಖಡ್ಗದ ದ್ವಂದ್ವ ಈಗ ಕ್ರೀಡೆಯೂ ಹೌದು, ಫ್ರಾನ್ಸಿನ ಕತ್ತಿವರಸೆ ಒಕ್ಕೂಟ 2019ರಲ್ಲಿ ಅದಕ್ಕೆ ಅಧಿಕೃತ ಮಾನ್ಯತೆ ಕೊಟ್ಟಿತು. ಜೋರಾಗಿ ಹೊಡೆದಾಡುವಾಗ ಮುಖಕ್ಕೆ ಮುಸುಕು, ಬೆರಳಿಗೆ ದಪ್ಪ ಕೈಗವಸು ಇರಲಿ.

ಒಂಟಿಯಾಗಿ ತಿರುಗಿಸುವವರಿಗೂ ಬೇಸ್‌ಲಿಟ್ಟೇ ಹಿತ, ತೆಳು ಗೋಡೆಯ ಚಿಕ್ಕ ಅಲಗಿನ ಜೊತೆ. ಕಪಾಟಿನಲ್ಲಿಟ್ಟು ನೋಡುವವರು, ವೇಷ ತೊಟ್ಟು ಫೋಟೊ, ವಿಡಿಯೊ ಮಾಡುವವರು ಪಿಕ್ಸೆಲ್‌ಗೆ ಹಣ ಹಾಕಬಹುದು. ಅದರ ಬೆಳಕಿನ ಮುಂದೆ ಬೇಸ್‌ಲಿಟ್ ಸಪ್ಪೆ, ಕ್ಯಾಮೆರಾದಲ್ಲಂತೂ ಇನ್ನೂ.

ಬೆಳಕಿಲ್ಲದ ವೈಜ್ಞಾನಿಕ ಕಲ್ಪನೆಯ ಖಡ್ಗಗಳೂ ಇವೆ. ಸ್ಟಾರ್ ಟ್ರೆಕ್‌ನ ಕ್ಲಿಂಗಾನ್ ಯೋಧರ ಬಾಗಿದ ಬ್ಯಾಟ್‌ಲೆತ್ ಅಂಥದ್ದು. ಅಗ್ಗದ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದವು ಗೋಡೆಗೆ ತೂಗುಹಾಕಲು ಮಾತ್ರ. ನೇರ ಖಡ್ಗಗಳಲ್ಲಿ ಅಲಗು ಹಿಡಿಯೊಳಗೆ ಸಪೂರ ಸರಳಾಗಿ ಮುಗಿದಿರುತ್ತದೆ, ಬೀಸಿದರೆ ಮುರಿದು ಹಾರಬಹುದು. ವೇಷಕ್ಕೆ ಬೇಕಾದರೆ ಫೋಮಿನಲ್ಲಿ ಮಾಡಿದ್ದನ್ನೇ ಆರಿಸಿ.

## ಪೆಟ್ಟಿಗೆ ಬಿಚ್ಚಿದ ದಿನ

ವಾಪಸು ಕೊಡುವ ಗಡುವು ಮುಗಿಯುವ ಮೊದಲೇ ಪರೀಕ್ಷೆ ಮಾಡಿ. ಪೂರ್ತಿ ಚಾರ್ಜ್ ಮಾಡಿ, ಕೋಣೆ ಕತ್ತಲು ಮಾಡಿ, ಬಿಳಿ ಬಣ್ಣಕ್ಕೆ ಹಾಕಿ, ತುದಿಯನ್ನು ನೋಡಿ. ಪಿಕ್ಸೆಲ್ ಅಲಗಿನ ಬುಡ ಬಿಳಿಯಾಗಿದ್ದು ತುದಿ ಹಳದಿಗೋ ಕೆಂಚಿಗೋ ತಿರುಗಿದ್ದರೆ ವಿದ್ಯುತ್ತು ತುದಿಯವರೆಗೆ ಸರಿಯಾಗಿ ತಲುಪುತ್ತಿಲ್ಲ. ನೀಲಿ ಮತ್ತು ಹಸಿರು ಎಲ್‌ಇಡಿಗೆ ಕೆಂಪಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಕೊರತೆಯಾದಾಗ ಅವು ಮೊದಲು ಮಂಕಾಗಿ ಕೆಂಪು ಮೇಲುಗೈ ಪಡೆಯುತ್ತದೆ. ಸೆಲ್ ಖಾಲಿಯಾಗುತ್ತಾ ಬಂದಾಗ ಹೀಗಾಗುವುದು ಸಹಜ, ಪೂರ್ತಿ ಚಾರ್ಜಿನಲ್ಲೇ ಎದ್ದು ಕಾಣುವಷ್ಟು ಆದರೆ ದೋಷ.

ಆಮೇಲೆ ಒಂದೊಂದೇ ಬಣ್ಣ ಹಾಕಿ ಅಲಗನ್ನು ಸುತ್ತ ತಿರುಗಿಸಿ, ಸತ್ತ ದೀಪ ಇದೆಯೇ ನೋಡಿ. ಹತ್ತು ನಿಮಿಷ ಉರಿಸಿ ಹಿಡಿ ಮುಟ್ಟಿ: ಬೆಚ್ಚಗಾದರೆ ಸರಿ, ಹಿಡಿಯಲಾಗದಷ್ಟು ಬಿಸಿಯಾದರೆ ಸರಿಯಿಲ್ಲ. ಅಲಗು ತೆಗೆದು ಅಲುಗಿಸಿದಾಗ ಹಿಡಿಯೊಳಗೆ ಏನೂ ಗಡಗಡ ಅನ್ನಬಾರದು. ಬೇಸ್‌ಲಿಟ್ ಹಿಡಿಯನ್ನು ಅಲಗಿಲ್ಲದೆ ಹೊತ್ತಿಸಿ ಒಳಗೆ ಇಣುಕಬೇಡಿ, ಆ ಎಲ್‌ಇಡಿ ಕಣ್ಣಿಗೆ ಒಳ್ಳೆಯದಲ್ಲ.

ಅಲಗನ್ನು ಹಿಡಿದಿಡುವುದು ಬಾಯಿಯ ಬಳಿ ಇರುವ ಒಂದೋ ಎರಡೋ ಪುಟ್ಟ ಸ್ಕ್ರೂ. ಅಲೆನ್ ಕೀಯಿಂದ ಬಿಗಿಯಾಗುವಷ್ಟು ತಿರುಗಿಸಿ, ಅತಿ ಬಿಗಿದರೆ ತೆಳು ಕೊಳವೆ ಅಲ್ಲೇ ಬಿರುಕು ಬಿಡುತ್ತದೆ. ಆಡುತ್ತಾ ಆಡುತ್ತಾ ಅವು ಸಡಿಲವಾಗುತ್ತವೆ, ಪ್ರತಿ ಸಲ ಆಟಕ್ಕೆ ಮುಂಚೆ ಒಮ್ಮೆ ತಿರುಗಿಸಿ ನೋಡಿ. ಸಡಿಲಾಗದಿರಲೆಂದು ಎಂಜಿನ್ ಬೋಲ್ಟುಗಳಿಗೆ ಹಚ್ಚುವ ಅಂಟುದ್ರವವನ್ನು ಇಲ್ಲಿ ಹಚ್ಚಬೇಡಿ. ಅದು ಪಾಲಿಕಾರ್ಬೊನೇಟನ್ನು ಒಳಗೊಳಗೇ ಸೀಳುತ್ತದೆ, ಥಿನ್ನರ್, ಅಸಿಟೋನ್ ಕೂಡ ಅದಕ್ಕೆ ಆಗದು. ಅಲಗಿನ ಹೊರಮೈ ಕೊಳೆಯಾದರೆ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು.